ಎಪ್ಪತ್ತೆರಡನೆಯ ಬಿನ್ನವತ್ತಳೆ

2 ಜನವರಿ 2026, ಶುಕ್ರವಾರ

ಪತ್ತಿನ ಸಂಘದವರು ಕೊಡುವ ದಿನಚರಿ ಪುಸ್ತಕ ಪ್ರತಿ ವರ್ಷ ನನ್ನ ಹೆಂಡತಿ ಅಂಬುಜಳ ರಂಗೋಲಿ ಚುಕ್ಕಿಗೆ ಹೋಗುತ್ತಿತ್ತು. ಈ ಸಲ ನಾನೇ ಇಟ್ಟುಕೊಂಡೆ. ಮೂವತ್ತೊಂದು ವಸಂತಗಳ ಸಾರ್ಥಕ ಬೋಧನಾ ಸೇವೆಯ ಅಂತಿಮ ಘಟ್ಟದಲ್ಲಿ ನಿಂತಿರುವ ನಾನು, ಈ ಸಂಧ್ಯಾಕಾಲದ ಭಾವತರಂಗಗಳನ್ನು ಅಕ್ಷರರೂಪಕ್ಕಿಳಿಸುವುದು ಒಬ್ಬ ಕನ್ನಡ ಮೇಷ್ಟ್ರಾಗಿ ನನ್ನ ಆದ್ಯ ಕರ್ತವ್ಯವೆಂದು ಬಗೆದಿದ್ದೇನೆ. ಇಷ್ಟು ಬರೆಯುವಷ್ಟರಲ್ಲಿ ಕಾಫಿ ಆರಿತು.

ಬೆಳಿಗ್ಗೆ ಹೆಡ್‌ಮಾಸ್ಟರ್ ಶಿವಕುಮಾರ್ ತಮ್ಮ ಕೋಣೆಗೆ ಕರೆದು, ನನ್ನ ಬೀಳ್ಕೊಡುಗೆ ಮೂವತ್ತೊಂದನೇ ತಾರೀಕು ಶನಿವಾರ ಎಂದು ತಿಳಿಸಿದರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಬಿನ್ನವತ್ತಳೆ. ಪಟ್ಟಿ ಓದಿದಂತೆ ಓದಿದರು. ಬಿನ್ನವತ್ತಳೆ ಎನ್ನುವಾಗ ನನ್ನ ಮುಖ ನೋಡಲಿಲ್ಲ.

ನಿವೃತ್ತರಾದವರ ಗುಣಗಳನ್ನೆಲ್ಲ ಬರೆದು, ವೇದಿಕೆಯ ಮೇಲೆ ಓದಿ, ಗಾಜಿನ ಕಟ್ಟು ಹಾಕಿಸಿ ಕೈಗೆ ಕೊಡುವುದು ನಮ್ಮ ಕಡೆಯ ಎಲ್ಲ ಶಾಲೆಗಳ ಪದ್ಧತಿ. ಇಪ್ಪತ್ತೈದು ವರ್ಷಗಳಿಂದ ರಾಮನಗರದ ಸುತ್ತಮುತ್ತ ಯಾವ ಮೇಷ್ಟ್ರು ನಿವೃತ್ತರಾದರೂ ‘ದೇವರಾಜು ಮೇಷ್ಟ್ರ ಕೈಲಿ ಬರೆಸಿ’ ಅನ್ನುತ್ತಿದ್ದರು. ಎಪ್ಪತ್ತೊಂದು ಬರೆದಿದ್ದೇನೆ. ಕನಕಪುರದ ಒಬ್ಬ ಪ್ರಾಂಶುಪಾಲರು ವೇದಿಕೆಯ ಮೇಲೆ ಅತ್ತೇ ಬಿಟ್ಟಿದ್ದರು. ಎಲ್ಲದರ ಪ್ರತಿಯೂ ಒಂದು ಫೈಲಿನಲ್ಲಿ ಇದೆ.

ಈಗ ನನ್ನದನ್ನು ಯಾರು ಬರೆಯುತ್ತಾರೆ? ಕೇಳುವುದಕ್ಕೆ ಬಾಯಿ ಬರಲಿಲ್ಲ. ಕೇಳಿ ಬರೆಸಿಕೊಳ್ಳುವಂಥದ್ದಲ್ಲ ಅದು. ಯಾರಾದರೊಬ್ಬರು ಒಂದು ಸಂಜೆ ಕೂತು, ಈ ದೇವರಾಜು ಎಂಥ ಮನುಷ್ಯ ಎಂದು ಯೋಚಿಸಿ ನಾಲ್ಕು ಸಾಲು ಬರೆಯಲಿ ಎಂದು ಆಸೆ. ಅಷ್ಟೂ ಆಸೆ ಇರಬಾರದೇ.

6 ಜನವರಿ, ಮಂಗಳವಾರ

ಅತ್ತೆಯ ಫೋಟೊದ ಗಾಜು ಒಡೆದಿತ್ತು. ಶಾಲೆ ಬಿಟ್ಟ ಮೇಲೆ ಗೌಸ್‌ನ ಕಟ್ಟಿನ ಅಂಗಡಿಗೆ ಹೋದೆ. ನನ್ನ ಬಿನ್ನವತ್ತಳೆಗಳನ್ನೆಲ್ಲ ಅಚ್ಚು ಹಾಕಿ ಕಟ್ಟು ಹಾಕಿದವನು ಅವನೇ. ಗೋಡೆಗೆ ಒರಗಿಸಿ ಮೂರು ಹೊಸ ಬಿನ್ನವತ್ತಳೆ ಇಟ್ಟಿದ್ದ. ಒಂದೂ ನನ್ನದಲ್ಲ. ಯಾರು ಬರೆದದ್ದು ಎಂದೆ. ಯಾರೂ ಇಲ್ಲ, ಈಗೆಲ್ಲ ಫೋನಿಗೆ ಹೆಸರು, ಊರು ಹೇಳಿದರೆ ಎಐ ಎರಡು ನಿಮಿಷದಲ್ಲಿ ಬರೆದುಕೊಡುತ್ತದೆ, ವಾಟ್ಸಾಪಿನಲ್ಲಿ ಕಳಿಸುತ್ತಾರೆ ಅಂದ. ಹೋದ ವರ್ಷ ನನ್ನನ್ನು ಯಾರೂ ಕರೆಯದಿದ್ದುದಕ್ಕೆ ಕಾರಣ ಈಗ ತಿಳಿಯಿತು. ನಿವೃತ್ತರಾಗುವವರೇ ಕಡಿಮೆಯಾಗಿದ್ದಾರೆ ಅಂದುಕೊಂಡಿದ್ದೆ.

ಓದಿದೆ. ‘ಸರಳತೆಯ ಸಾಕಾರಮೂರ್ತಿ, ಶಿಸ್ತಿನ ಸಿಪಾಯಿ, ಸೌಜನ್ಯದ ಖನಿ.’ ನನ್ನ ಮಾತುಗಳು. ಹಾಡಹಗಲೇ ಕಳವು. ಒಬ್ಬ ಮನುಷ್ಯನ ಇಡೀ ಬಾಳನ್ನು ಯಂತ್ರಕ್ಕೆ ಒಪ್ಪಿಸಿಬಿಟ್ಟರಲ್ಲ ಎಂದು ಗೌಸ್‌ನ ಮೇಲೆ ರೇಗಿದೆ. ಅವನು ಗಾಜು ಒರೆಸುತ್ತಲೇ ಇದ್ದ.

“ಮೇಷ್ಟ್ರೇ, ನಾನು ಓದಲ್ಲ, ಸೈಜ್ ನೋಡ್ತೀನಿ,” ಅಂದ. “ನೀವು ಬರೆದಿದ್ದಕ್ಕೂ ಇದಕ್ಕೂ ಒಂದೇ ಸೈಜು.”

ಬಸ್ಸಿನಲ್ಲಿ ನಿಂತೇ ಬಂದೆ. ಕೂತುಕೊಳ್ಳಿ ಸಾರ್ ಎಂದು ಒಬ್ಬಳು ಹುಡುಗಿ ಎದ್ದಳು. ಆ ಸಿಟ್ಟಿಗೇ ಕೂರಲಿಲ್ಲ.

9 ಜನವರಿ, ಶುಕ್ರವಾರ

ಇಂದು ಮನಸ್ಸು ಪ್ರಫುಲ್ಲವಾಗಿದೆ.

ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಭಾನುಪ್ರಿಯ ಫೋನಿನಿಂದ ಪಾಠದ ಟಿಪ್ಪಣಿ ಬರೆಸುತ್ತಿದ್ದಳು. ಬೈರಾಪಟ್ಟಣದ ಹುಡುಗಿ, ಸೇರಿ ಎರಡು ವರ್ಷವಾಗಿದೆ, ಚುರುಕು. ಅರ್ಧ ಗಂಟೆ ಅವಳಿಗೆ ಹೇಳಿದೆ. ಬರಹ ಎಂದರೆ ಹೃದಯದಿಂದ ಹೃದಯಕ್ಕೆ ಕಟ್ಟುವ ಸೇತುವೆ, ಯಂತ್ರಕ್ಕೆ ತಾಯಿಯಿಲ್ಲ, ಹಸಿವಿಲ್ಲ, ಅದು ಹೇಗೆ ಬರೆದೀತು ಎಂದೆಲ್ಲ. ಹೆಡ್‌ಮಾಸ್ಟರು ನಡುವೆ ಎದ್ದು ಹೋದರು. ಅವಳು ಮಾತ್ರ ಪೂರ್ತಿ ಕೇಳಿದಳು. ಕೇಳಿ, “ಸಾರ್, ನೀವು ಬರೆದ ಬಿನ್ನವತ್ತಳೆಗಳನ್ನೆಲ್ಲ ಒಂದ್ಸಲ ಕೊಡ್ತೀರಾ, ಓದ್ಬೇಕು,” ಅಂದಳು.

ಬರೆಯುವವಳು ಸಿಕ್ಕಳು. ನನ್ನದೇ ಶಾಲೆಯಲ್ಲಿ, ನನ್ನ ಮುಂದಿನ ಕುರ್ಚಿಯಲ್ಲೇ. ಮನೆಗೆ ಬಂದವನೇ ಫೈಲಿನ ಧೂಳು ಒರೆಸಿ ಚೀಲಕ್ಕೆ ಹಾಕಿದೆ. ಸೋಮವಾರ ಕೊಡಬೇಕು. ಅಂಬುಜ, ಏನು ಇವತ್ತು ಹಾಡು ಹೇಳುತ್ತಿದ್ದೀರಿ ಎಂದು ಕೇಳಿದಳು.

13 ಜನವರಿ, ಮಂಗಳವಾರ

ಬಿಸಿಯೂಟದ ದೊಡ್ಡಲಕ್ಷ್ಮಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರುವುದಿಲ್ಲ, ಎಂದೂ ಬಂದವರಲ್ಲ. ಅವರಿಗೂ ಅರುವತ್ತು ತುಂಬಿತಂತೆ. ಈ ತಿಂಗಳೇ ಅವರದೂ ಕೊನೆ. ಹೆಡ್‌ಮಾಸ್ಟರು ಅವರಿಗೆ ಒಂದು ಸೀರೆ ಮತ್ತು ಹಣ್ಣು ಎಂದು ತೀರ್ಮಾನಿಸಿದ್ದಾರೆ. ಅಡುಗೆಯವರಿಗೆ ಬಿನ್ನವತ್ತಳೆ ಕೊಡುವ ಪದ್ಧತಿ ಎಲ್ಲೂ ಇಲ್ಲ.

“ಸಾ, ನಂಗೂ ಒಂದು ಬರ್ಕೊಡಿ,” ಅಂದರು. “ಗಾಜು ಗೀಜು ಬ್ಯಾಡ. ಓದುದ್ರೆ ಸಾಕು, ನಂಗೆ ಓದಾಕೆ ಬರಾಕಿಲ್ವಲ್ಲ.”

ನಗು ಬಂತು, ಆದರೂ ಒಪ್ಪಿಕೊಂಡೆ. ಪಾಪ, ಆಸೆ. ಕೊನೆಯ ಪಿರಿಯಡ್ ಖಾಲಿ ಇತ್ತು, ಹದಿನೈದು ನಿಮಿಷದಲ್ಲಿ ಬರೆದು ಮುಗಿಸಿದೆ. ‘ಅನ್ನಪೂರ್ಣೇಶ್ವರಿಯ ಅಪರಾವತಾರವೇ, ಸಹನೆಯಲ್ಲಿ ಧರಿತ್ರಿಯೇ, ಮಮತೆಯ ಮಹಾಸಾಗರವೇ’ ಎಂದು ಶುರು. ಚೆನ್ನಾಗಿ ಬಂದಿದೆ. ಭಾನುಪ್ರಿಯಳಿಗೆ ತೋರಿಸಿದೆ, ಸೂಪರ್ ಸಾರ್ ಅಂದಳು. ನನ್ನದು ಎಲ್ಲಿಗೆ ಬಂತು ಎಂದು ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ.

16 ಜನವರಿ, ಶುಕ್ರವಾರ

ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡಲು ಅಡುಗೆ ಕೋಣೆಗೆ ಹೋದವನು, ದೊಡ್ಡಲಕ್ಷ್ಮಮ್ಮನಿಗೆ ಅವರ ಬಿನ್ನವತ್ತಳೆ ಓದಿದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. ನಾನು ವೇದಿಕೆಯ ದನಿಯಲ್ಲೇ, ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದಿದೆ. ಮುಗಿದ ಮೇಲೆ ಮೊರ ಕೆಳಗಿಟ್ಟರು.

“ಯಾರ್ ಸಾ ಇದು?”

ನೀವೇ ಕಣಮ್ಮ ಎಂದೆ. ತಲೆಯಾಡಿಸಿದರು.

“ನಾನು ಇಪ್ಪತ್ ವರ್ಷದಿಂದ ಹಿಂದ್ಗಡೆ ಬಾಗ್ಲಲ್ಲಿ ನಿಂತ್ಕಂಡು ಎಲ್ಲಾರ್ದೂ ಕೇಳಿವ್ನಿ. ಡ್ರಿಲ್ ಮೇಷ್ಟ್ರಿಗೂ ಇದೇ ಓದುದ್ರಿ, ಗುಮಾಸ್ತ್ರಿಗೂ ಇದೇ ಓದುದ್ರಿ. ಯಾರ್ ಮ್ಯಾಲೂ ರೇಗ್ದೇ ಇರೋಳು ಅಂದ್ರಲ್ಲ, ನಾನು ದಿನಾ ಹುಡುಗ್ರುನ್ನ ಬೈತೀನಿ. ನಿಮ್ಗೂ ಕೇಳುಸ್ತದೆ ಅಲ್ವಾ?”

ಕೇಳಿಸುತ್ತದೆ. ಗಣಿತದ ಕೋಣೆಯವರೆಗೂ ಕೇಳಿಸುತ್ತದೆ. ಆದರೆ ಬಿನ್ನವತ್ತಳೆಯಲ್ಲಿ ಬೈಗುಳ ಬರೆಯುತ್ತಾರೆಯೇ? ಹಾಗೆಂದು ಹೇಳಿ ಎಳ್ಳು ಬೆಲ್ಲ ಅಲ್ಲೇ ಇಟ್ಟು ಬಂದೆ.

17 ಜನವರಿ, ಶನಿವಾರ

ಪ್ರಾಂಶುಪಾಲರನ್ನು ಅಳಿಸಿದ ಲೇಖನಿಗೆ ಈಗ ಅಡುಗೆಮನೆಯಿಂದ ವಿಮರ್ಶೆ. ಒಂದಕ್ಷರ ಓದಲು ಬಾರದವರು ನನಗೆ ಪಾಠ ಹೇಳುತ್ತಾರೆ. ನನ್ನ ಬಳಿ ಬರೆಸಿಕೊಂಡ ಎಪ್ಪತ್ತೊಂದು ಜನರಲ್ಲಿ ಒಬ್ಬರೂ ‘ಯಾರಿದು’ ಎಂದು ಕೇಳಿಲ್ಲ. ಬೇಡವಾದರೆ ಬೇಡ. ಸೀರೆ ಉಟ್ಟುಕೊಂಡು ಹೋಗಲಿ.

ಅಂಬುಜ ಉಪ್ಪಿಟ್ಟಿಗೆ ಉಪ್ಪೇ ಹಾಕಿಲ್ಲ. ಹೇಳಿದರೆ, ನಿನ್ನೆಯಿಂದ ಯಾರ ಮೇಲಿನ ಸಿಟ್ಟು ಇದು ಅಂತಾಳೆ.

19 ಜನವರಿ, ಸೋಮವಾರ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ, ಯಾರು ನೋಡುತ್ತಾರೆ.

ಆ ಯಂತ್ರ ಎಷ್ಟು ಕೆಟ್ಟದಾಗಿ ಬರೆಯುತ್ತದೋ ನೋಡೋಣ ಎಂದು ನನ್ನ ಫೋನಿನಲ್ಲೇ ಕೇಳಿದೆ. ಬಿಸಿಯೂಟದ ಅಡುಗೆಯವರ ಬೀಳ್ಕೊಡುಗೆಗೆ ಒಂದು ಬಿನ್ನವತ್ತಳೆ, ಅಷ್ಟೇ ಹೇಳಿದ್ದು. ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಬಂತು. ‘ಅನ್ನಪೂರ್ಣೆಯ ಪ್ರತಿರೂಪವೇ, ತಾಳ್ಮೆಯಲ್ಲಿ ಭೂಮಿತಾಯಿಯೇ, ವಾತ್ಸಲ್ಯದ ಸಾಗರವೇ.’

ನನ್ನ ಹಾಳೆ ಪಕ್ಕಕ್ಕಿಟ್ಟುಕೊಂಡು ನೋಡಿದೆ. ಸಾಲಿಗೆ ಸಾಲು. ನನ್ನ ಧರಿತ್ರಿ ಅಲ್ಲಿ ಭೂಮಿತಾಯಿ, ಅಷ್ಟೇ ವ್ಯತ್ಯಾಸ. ಗುರುತು ಸಿಗದಿರಲಿ ಎಂದು ಅದನ್ನೂ ಕೈಯಲ್ಲಿ ಬರೆದು, ಎರಡನ್ನೂ ಅಂಬುಜಳಿಗೆ ಓದಿ ಹೇಳಿ, ಇವುಗಳಲ್ಲಿ ನನ್ನದು ಯಾವುದು ಎಂದು ಕೇಳಿದೆ. ಬೀನ್ಸ್ ಬಿಡಿಸುತ್ತಿದ್ದವಳು ಯೋಚನೆಯನ್ನೂ ಮಾಡದೆ ಎರಡನೆಯದು ಅಂದಳು. “ಅದೇ ನಿಮ್ದು. ಮಾತೆಲ್ಲ ನಿಮ್ಮವೇ.”

ಎರಡನೆಯದು ಫೋನಿನದು.

ಗೌಸ್‌ನ ಅಂಗಡಿಯಲ್ಲಿ ಕಳವು ಕಳವು ಎಂದು ಕೂಗಾಡಿ ಬಂದೆನಲ್ಲ. ಇದು ಕಳವೂ ಅಲ್ಲ. ದೊಡ್ಡಲಕ್ಷ್ಮಮ್ಮ ಯಾರೆಂದು ಅದಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಇಬ್ಬರೂ ಒಂದೇ ಥರ ಬರೆದಿದ್ದೇವೆ.

20 ಜನವರಿ, ಮಂಗಳವಾರ

ಏನೂ ಇಲ್ಲ.

21 ಜನವರಿ, ಬುಧವಾರ

ಎರಡನೇ ಪಿರಿಯಡ್ ಖಾಲಿ ಇತ್ತು. ಅಡುಗೆ ಕೋಣೆಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತೆ. ಏನ್ ಸಾ, ಹೊಟ್ಟೆ ಹಸೀತಾ ಎಂದು ಕೇಳಿದರು ದೊಡ್ಡಲಕ್ಷ್ಮಮ್ಮ. ಇಲ್ಲ, ಸುಮ್ಮನೆ ಎಂದೆ. ಅವರು ಹೊರಗೆ ಹೋಗಿ ಒಂದು ಸುತ್ತು ಬಂದು, ಆಮೇಲೆ ಅಕ್ಕಿ ಅಳೆದರು. ಎಲ್ಲಿಗೆ ಹೋಗಿದ್ದಿರಿ ಎಂದೆ. ಚಪ್ಪಲಿ ಎಣಿಸಲು ಹೋಗಿದ್ದರಂತೆ. ಹಾಜರಿ ಪುಸ್ತಕದಲ್ಲಿ ನೂರ ನಲವತ್ತು ಅಂದರೆ ನೂರ ನಲವತ್ತು ಇರುವುದಿಲ್ಲ, ಮೇಷ್ಟ್ರುಗಳು ಹೋದ ವಾರದ್ದನ್ನೇ ನೋಡಿ ಹಾಕುತ್ತಾರೆ. ಕ್ಲಾಸಿನ ಬಾಗಿಲಲ್ಲಿ ಬಿಟ್ಟಿರುವ ಚಪ್ಪಲಿ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ ಅವರು. ಯಾವ ಚಪ್ಪಲಿ ಯಾರದು ಎನ್ನುವುದೂ ಗೊತ್ತು. ಒಂಬತ್ತನೇ ಕ್ಲಾಸಿನ ಬಾಗಿಲಲ್ಲಿ ಒಂದು ಜೊತೆ ಮೂರು ದಿನದಿಂದ ಇಲ್ಲ, ಒಸಿ ವಿಚಾರಿಸಿ ಸಾ ಅಂದರು. ನಾನು ಆ ಕ್ಲಾಸಿನ ಮೇಷ್ಟ್ರು. ಆ ಹುಡುಗಿ ಮೂರು ದಿನದಿಂದ ಬಂದಿಲ್ಲ ಎನ್ನುವುದನ್ನು ನಾನು ಗಮನಿಸಿರಲಿಲ್ಲ.

ಮೂವತ್ತೊಂದು ವರ್ಷದಲ್ಲಿ ಇಪ್ಪತ್ತು ವರ್ಷ ಇವರು ಮಾಡಿದ ಅನ್ನ ತಿಂದಿದ್ದೇನೆ. ಚಪ್ಪಲಿ ಎಣಿಸುತ್ತಾರೆ ಎಂದು ಇಂದು ಗೊತ್ತಾಯಿತು.

ಆಮೇಲೆ ಕೇಳಿದೆ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಕೇಳಿ, ಎಲ್ಲ ಒಂದೇ ಎಂದು ಗೊತ್ತಿದ್ದೂ, ನಿಮಗೆ ಯಾಕಮ್ಮ ಬಿನ್ನವತ್ತಳೆ ಬೇಕಿತ್ತು? ಸಾರಿಗೆ ಒಗ್ಗರಣೆ ಹಾಕಿ ಮುಚ್ಚಿ, ಕೈ ಒರೆಸಿಕೊಂಡು ಹೇಳಿದರು.

“ನಮ್ ಮಮತಾ ನಿಮ್ ಕೈಲೇ ಓದುದ್ದು. ಹತ್ತನೇ ಕ್ಲಾಸಲ್ಲಿ ತಾಯಿ ಮ್ಯಾಲೆ ಪ್ರಬಂಧ ಬರೀರಿ ಅಂದಿದ್ರಿ. ಎರಡು ದಿನ ಕುಂತ್ಕಂಡು ನನ್ ಮ್ಯಾಲೆ ಬರದ್ಲು. ನೀವು ಅಡ್ಡಡ್ಡ ಗೀಟು ಹಾಕಿ ಹೊಡ್ದಾಕ್ ಬುಟ್ರಿ. ಅಳ್ತಾ ಬಂದು ಹರ್ದು ಒಲೆಗಾಕುದ್ಲು. ನನ್ ಮ್ಯಾಲೆ ಒಬ್ರು ಬರ್ದಿದ್ದು ಅದೊಂದೇ ಸಾ. ಏನ್ ಬರ್ದಿದ್ಲು ಅಂತ ನಂಗೆ ಗೊತ್ತಾಗ್ನೇ ಇಲ್ಲ. ಅದ್ಕೇ ಹೊಡ್ದಾಕಿದೋರೇ ಬರ್ಕೊಡ್ಲಿ ಅಂತ ನಿಮ್ಮುನ್ ಕೇಳ್ದೆ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ನೆನಪು ಮಾಡಿಕೊಳ್ಳಲು ನೋಡಿದೆ. ಎರಡು ಜಡೆಯ ಮಮತಾ ನೆನಪಿಗೆ ಬಂದಳು, ಪ್ರಬಂಧ ಬರಲಿಲ್ಲ. ಅಂಥ ಎಷ್ಟು ಹೊಡೆದು ಹಾಕಿದ್ದೇನೋ. ಪರೀಕ್ಷೆಯಲ್ಲಿ ಇಂಥದ್ದಕ್ಕೆ ಅಂಕ ಬರುವುದಿಲ್ಲ ಎಂದು ಹೇಳಿ, ನಾನೇ ಸಿದ್ಧ ಮಾಡಿದ ಮಾದರಿ ಪ್ರಬಂಧವನ್ನು ಎಲ್ಲರಿಂದಲೂ ಬರೆಸುತ್ತಿದ್ದೆ. ಒಳ್ಳೆಯದಕ್ಕೇ ಮಾಡಿದ್ದು. ಕನ್ನಡದಲ್ಲಿ ನಮ್ಮ ಶಾಲೆಯಲ್ಲಿ ಯಾರೂ ಫೇಲಾಗುತ್ತಿರಲಿಲ್ಲ.

25 ಜನವರಿ, ಭಾನುವಾರ

ಮಾಗಡಿಗೆ ಹೋಗಿ ಬಂದೆ. ಮಮತಾಳನ್ನು ಅಲ್ಲಿಗೆ ಕೊಟ್ಟಿದ್ದಾರೆ, ಬಸ್ ನಿಲ್ದಾಣದಿಂದ ಎರಡು ತಿರುವು ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅಂಬುಜಳಿಗೆ ಗೆಳೆಯರ ಮನೆಗೆ ಎಂದು ಸುಳ್ಳು ಹೇಳಿದೆ. ಬಸ್ಸಿನಲ್ಲಿ ಸಾವನದುರ್ಗ ಕಾಣುವ ಕಡೆಯೇ ಸೀಟು ಸಿಕ್ಕಿತ್ತು. ಪಕ್ಕದವರು ಎಬ್ಬಿಸಿ ತೋರಿಸಿದರು. ಹೂಂ ಎಂದೆ.

ಹೋಗುವಾಗ ಒಂದು ಲೆಕ್ಕಾಚಾರವಿತ್ತು. ಏನು ಬರೆದಿದ್ದೆ ಎಂದು ಅವಳನ್ನು ಕೇಳುವುದು, ಅವಳು ಹೇಳಿದ್ದನ್ನು ಬರೆದುಕೊಂಡು ಬಂದು ದೊಡ್ಡಲಕ್ಷ್ಮಮ್ಮನಿಗೆ ಓದುವುದು. ಹೊಡೆದು ಹಾಕಿದ್ದನ್ನು ನಾನೇ ವಾಪಸು ಕೊಟ್ಟ ಹಾಗಾಗುತ್ತದೆ. ಬಹಳ ಸುಲಭ ಅಂದುಕೊಂಡಿದ್ದೆ.

ಮಮತಾ ಮಷೀನಿನಿಂದ ಎದ್ದು ಕಾಲಿಗೆ ಬಿದ್ದಳು. ಮಗಳು ಸಿರಿಯನ್ನು ಕರೆದು ಅವಳಿಂದಲೂ ಬೀಳಿಸಿದಳು. ಕಾಫಿ ತರಿಸಿದಳು. ವಿಷಯ ಹೇಳಿದೆ. ಬಹಳ ಹೊತ್ತು ಯೋಚಿಸಿದಳು. ಪಾಪ, ನಿಜವಾಗಿಯೂ ಯೋಚಿಸಿದಳು. ಆಮೇಲೆ ನೆಲ ನೋಡಿ ನಕ್ಕಳು.

“ನಂದು ಒಂದ್ ಸಾಲೂ ಗ್ಯಾಪ್ಕ ಇಲ್ಲ ಸಾ. ನೀವು ಹತ್ ಸಲ ಬರ್ಸಿದ್ದು ಮಾತ್ರ ಬಾಯಿಪಾಠ ಐತೆ.”

ಹೇಳಿಯೂ ತೋರಿಸಿದಳು. ‘ತಾಯಿಯು ತ್ಯಾಗದ ಸಾಕಾರಮೂರ್ತಿ. ತಾಯಿಯ ಋಣವನ್ನು ಏಳೇಳು ಜನ್ಮಕ್ಕೂ ತೀರಿಸಲಾಗದು. ಅವಳ ಮಡಿಲೇ ಸ್ವರ್ಗ.’ ಒಂದು ಕಡೆಯೂ ತಡವರಿಸಲಿಲ್ಲ. ಹದಿನಾರು ವರ್ಷದ ಮೇಲೆ, ಕತ್ತರಿ ಹಿಡಿದುಕೊಂಡು ನಿಂತು, ಕ್ಲಾಸಿನಲ್ಲಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಸಿರಿ ಚಪ್ಪಾಳೆ ತಟ್ಟಿತು.

ಹಾಗಾದರೆ ಈಗ ಬರೆಯಮ್ಮ, ನಿಮ್ಮವ್ವನ ಮೇಲೆ ಏನು ತೋಚಿದರೂ ಬರಿ, ನಾನು ತೆಗೆದುಕೊಂಡು ಹೋಗುತ್ತೇನೆ ಎಂದೆ. ನಂಗೆಲ್ಲಿ ಬರೆಯಾಕೆ ಬತ್ತದೆ ಸಾ ಈಗ, ಅಳತೆ ಬಿಟ್ರೆ ಇನ್ನೇನೂ ಬರೆಯಾಕಿಲ್ಲ ಅಂದಳು. ಒತ್ತಾಯ ಮಾಡಲು ನನಗೆ ಯಾವ ಮುಖ. ಸಿರಿಯ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಎದ್ದು ಬಂದೆ.

ಬಸ್ಸಿನಲ್ಲಿ ಯಾರ ಮೇಲೆ ರೇಗಬೇಕೆಂದು ಗೊತ್ತಾಗಲಿಲ್ಲ. ಭಾನುಪ್ರಿಯಳಿಗೆ ಅರ್ಧ ಗಂಟೆ ಭಾಷಣ ಮಾಡಿದೆನಲ್ಲ, ಯಂತ್ರಕ್ಕೆ ತಾಯಿ ಇಲ್ಲ ಎಂದು. ತಾಯಿ ಇದ್ದ ಹುಡುಗಿ ಬರೆದು ತಂದಾಗ ನಾನೇನು ಮಾಡಿದೆ?

28 ಜನವರಿ, ಬುಧವಾರ

ಗೌಸ್ ಒಂದು ಕೆಲಸ ಮಾಡಿದ್ದಾನೆ. ಅವನ ತಪ್ಪಲ್ಲ, ಅಭ್ಯಾಸ. ಅಚ್ಚಿಗೆ ಹೋಗುವ ಮುಂಚೆ ನಮ್ಮ ಶಾಲೆಯ ಬಿನ್ನವತ್ತಳೆಯನ್ನು ನನಗೆ ಕಳಿಸಿ ತಪ್ಪು ತಿದ್ದಿಸಿಕೊಳ್ಳುವುದು ಅವನ ಇಪ್ಪತ್ತು ವರ್ಷದ ಪದ್ಧತಿ. ಇಂದು ಮಧ್ಯಾಹ್ನ ವಾಟ್ಸಾಪಿಗೆ ಒಂದು ಬಂತು. ‘ಮೇಷ್ಟ್ರೇ ಒಸಿ ನೋಡಿಬಿಡಿ ಅರ್ಜೆಂಟ್.’ ಹೆಸರು ಓದಿದೆ. ಶ್ರೀ ದೇವರಾಜು, ಕನ್ನಡ ಶಿಕ್ಷಕರು.

ಅದು ನನ್ನದು.

ಎರಡು ಸಲ ಓದಿದೆ. ‘ಸರಳತೆಯ ಸಾಕಾರಮೂರ್ತಿಯೇ’ ಎಂದು ಶುರು. ಕನಕಪುರದ ಪ್ರಾಂಶುಪಾಲರಿಗೆ ಬರೆದ ಸಾಲು ಮೂರನೇ ಪ್ಯಾರಾದಲ್ಲಿ ಇದೆ. ಡ್ರಿಲ್ ಮೇಷ್ಟ್ರ ಶಿಸ್ತು ನನಗೆ ಬಂದಿದೆ. ಗುಮಾಸ್ತರ ಪ್ರಾಮಾಣಿಕತೆಯೂ ಬಂದಿದೆ. ‘ಮಕ್ಕಳ ಸ್ವಂತ ಬರವಣಿಗೆಗೆ ನೀರೆರೆದು ಪೋಷಿಸಿದ ತೋಟಗಾರರೇ’ ಎನ್ನುವಲ್ಲಿ ಫೋನು ಕೆಳಗಿಟ್ಟೆ. ಆ ಸಾಲನ್ನು ಹತ್ತು ವರ್ಷದ ಹಿಂದೆ ಚನ್ನಪಟ್ಟಣದ ಒಬ್ಬ ಕನ್ನಡ ಮೇಡಂಗೆ ನಾನೇ ಬರೆದದ್ದು. ಅವರು ಏನು ಪೋಷಿಸಿದರೋ ಆಗಲೂ ನನಗೆ ಗೊತ್ತಿರಲಿಲ್ಲ.

ಭಾನುಪ್ರಿಯಳನ್ನು ಕೇಳಿದೆ. ಮುಖ ಅರಳಿತು ಅವಳದು. ಅಯ್ಯೋ ನಿಮಗೇ ಕಳಿಸಿಬಿಟ್ಟರಾ, ಸರ್‌ಪ್ರೈಸ್ ಹೋಯಿತಲ್ಲ ಎಂದು ಪೇಚಾಡಿಕೊಂಡಳು. ಮೂರು ದಿನ ಕೂತು ಫೈಲಿನ ಎಪ್ಪತ್ತೊಂದನ್ನೂ ಫೋಟೊ ತೆಗೆದು ಎಐಗೆ ಕೊಟ್ಟಳಂತೆ.

“ನಾನು ಬರೆದ್ರೆ ಏನ್ ಚೆನ್ನಾಗಿರುತ್ತೆ ಸಾರ್. ನಿಮ್ಮ ಥರಾನೇ ಬರ್ಲಿ ಅಂತ.”

ಇಷ್ಟು ಶ್ರಮ ಪಟ್ಟಿದ್ದಾಳೆ. ನನ್ನ ಮೇಲೆ ಗೌರವ ಇಲ್ಲ ಎಂದು ಹೇಳುವ ಹಾಗೂ ಇಲ್ಲ. ಬಹಳ ಚೆನ್ನಾಗಿದೆ ಕಣಮ್ಮ ಎಂದೆ. ಗೌಸ್‌ಗೆ ‘ತಪ್ಪೇನಿಲ್ಲ, ಹಾಕು’ ಎಂದು ಕಳಿಸಿದೆ. ತಪ್ಪು ಹುಡುಕಿದರೂ ಸಿಗುವ ಹಾಗಿರಲಿಲ್ಲ.

ಬೇಜಾರು. ಬಹಳ ಬೇಜಾರು. ಒಬ್ಬರಾದರೂ ಕೂತು ಬರೆಯಲಿ ಎಂದಿದ್ದೆ, ಅಷ್ಟೇ.

30 ಜನವರಿ, ಶುಕ್ರವಾರ

ದೊಡ್ಡಲಕ್ಷ್ಮಮ್ಮನಿಗೆ ಬರೆಯಲು ಮೂರು ದಿನದಿಂದ ಕೂತಿದ್ದೇನೆ. ಒಳ್ಳೆಯ ಹಾಳೆ ತೆಗೆದ ತಕ್ಷಣ ಕೈ ತಾನಾಗಿ ‘ಅನ್ನ’ ಎಂದು ಬರೆದು ‘ಪೂರ್ಣೇಶ್ವರಿ’ಗೆ ಓಡುತ್ತದೆ. ಹರಿದೆ. ಮತ್ತೆ ತೆಗೆದೆ. ಮತ್ತೆ ಹರಿದೆ. ಇಪ್ಪತ್ತೈದು ವರ್ಷದ ರೂಢಿ ಇದು. ಈ ಪುಸ್ತಕದಲ್ಲಿ ಗೀಚುವ ಹಾಗೆ ಅಲ್ಲಿ ಬರೆಯಲು ಬರುತ್ತಿಲ್ಲ. ಇದೇನು ಬರಹವಲ್ಲ ಬಿಡಿ, ಮನಸ್ಸಿಗೆ ಬಂದದ್ದು.

ಕೊನೆಗೆ ಐದು ಸಾಲು ಆಯಿತು. ಚಪ್ಪಲಿ ಎಣಿಸುವುದು, ದಿನಾ ಬೈಯುವುದು, ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ವಿಚಾರಿಸಿ ಎಂದಿದ್ದು. ಆ ಹುಡುಗಿಗೆ ಕಾಮಾಲೆ ಆಗಿತ್ತು, ಮನೆಗೆ ಹೋಗಿ ನೋಡಿ ಬಂದೆ. ಆರನೇ ಸಾಲು ಬರೆಯಲು ನನಗೆ ಅವರ ಬಗ್ಗೆ ಮತ್ತೇನೂ ಗೊತ್ತಿಲ್ಲ. ಇಪ್ಪತ್ತು ವರ್ಷಕ್ಕೆ ಐದು ಸಾಲು. ಜೇಬಿಗೆ ಹಾಕಿಕೊಂಡೆ.

31 ಜನವರಿ, ಶನಿವಾರ

ಬೆಳಿಗ್ಗೆಯಿಂದ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತೂವರೆಗೆ ಶುರುವಾಯಿತು. ಪೇಟ ಸ್ವಲ್ಪ ದೊಡ್ಡದು, ಕಿವಿ ಮುಚ್ಚುತ್ತಿತ್ತು. ಭಾನುಪ್ರಿಯ ನನ್ನ ಬಿನ್ನವತ್ತಳೆ ಓದಿದಳು. ಎಲ್ಲಿ ಏರಬೇಕೋ ಅಲ್ಲಿ ಏರಿ, ನನ್ನ ಹಾಗೆಯೇ ಓದಿದಳು. ಚಪ್ಪಾಳೆ ಜೋರಾಗಿ ಬಿತ್ತು. ತೋಟಗಾರರೇ ಎಂದಾಗ ನಾನು ಮೇಜಿನ ಮೇಲಿನ ನೀರಿನ ಬಾಟಲಿ ನೋಡುತ್ತಿದ್ದೆ. ಅಂಬುಜ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಂಡಳು. ಅವಳಾದರೂ ನಿಜವಾಗಿ ಅತ್ತಳು.

ದೊಡ್ಡಲಕ್ಷ್ಮಮ್ಮನಿಗೆ ಸೀರೆಯನ್ನು ಊಟವಾದ ಮೇಲೆ ಕೊಟ್ಟರಾಯಿತು, ಈಗ ಅವರು ಬೋಂಡಾ ಬಿಡುತ್ತಿದ್ದಾರೆ ಎಂದು ಹೆಡ್‌ಮಾಸ್ಟರು ಕಿವಿಯಲ್ಲಿ ಹೇಳಿದರು. ತಮ್ಮ ಬೀಳ್ಕೊಡುಗೆಯ ಅಡುಗೆಯನ್ನೂ ಅವರೇ ಮಾಡುತ್ತಿದ್ದರು. ನನಗೆ ಸಿಟ್ಟು ಬಂತು. ಊಟವಾದ ಮೇಲೆ ಇಲ್ಲಿ ಯಾರಿರುತ್ತಾರೆ, ಬರೀ ಕುರ್ಚಿ ಇರುತ್ತವೆ ಎಂದು ದನಿ ಏರಿಸಿಯೇ ಹೇಳಿದೆ. ಮೈಕು ಹತ್ತಿರವಿತ್ತು, ಎಲ್ಲರಿಗೂ ಕೇಳಿಸಿತು. ಪೇಟ ತೆಗೆದಿಟ್ಟು ಕರೆದುಕೊಂಡು ಬರಲು ನಾನೇ ಎದ್ದು ಹೋದೆ.

ಅಡುಗೆ ಕೋಣೆಯ ಬಾಗಿಲಲ್ಲಿ ಮಮತಾ ನಿಂತಿದ್ದಳು. ಮಾಗಡಿಯಿಂದ ಮೊದಲ ಬಸ್ಸಿಗೆ ಬಂದಿದ್ದಳಂತೆ, ಅವ್ವನಿಗೆ ಬೋಂಡಾ ಹಿಟ್ಟು ಕಲಸಿಕೊಡುತ್ತಿದ್ದಳು. ಸೊಂಟದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಕೈಗೆ ತುರುಕಿದಳು. ಸಿರಿಯ ಕಾಪಿ ಪುಸ್ತಕದ ಹಾಳೆ.

“ನೀವೇ ಓದಿ ಸಾ. ನಂಗೆ ಮೈಕ್ ಅಂದ್ರೆ ಗಂಟ್ಲು ಕಟ್ತದೆ.”

ಮೊದಲೇ ಓದಿ ನೋಡುವಷ್ಟು ವ್ಯವಧಾನ ಇರಲಿಲ್ಲ. ದೊಡ್ಡಲಕ್ಷ್ಮಮ್ಮ ಬಾಣಲೆ ಇಳಿಸಿ, ಸೆರಗಿಗೆ ಕೈ ಒರೆಸುತ್ತ ಬಂದು ವೇದಿಕೆಯ ಅಂಚಿನಲ್ಲಿ ನಿಂತರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನನ್ನ ಐದು ಸಾಲು ಜೇಬಿನಲ್ಲೇ ಉಳಿಯಿತು. ಮಮತಾಳ ಹಾಳೆ ಬಿಡಿಸಿ ಓದಿದೆ. ಅವಳು ಮಾತಾಡುವ ಹಾಗೆಯೇ ಬರೆದಿದ್ದಳು, ನಾನೂ ಹಾಗೆಯೇ ಓದಿದೆ. ಆಮೇಲೆ ಕೇಳಿ ಫೋನಿನಲ್ಲಿ ತೆಗೆದುಕೊಂಡ ಫೋಟೊ ನೋಡಿ ಇಲ್ಲಿ ಇಳಿಸುತ್ತಿದ್ದೇನೆ.

‘ನಮ್ಮವ್ವ ದೊಡ್ಡಲಕ್ಷ್ಮಮ್ಮ. ನಾನು ಹತ್ತನೇ ಕ್ಲಾಸಲ್ಲಿ ಇವಳ ಮ್ಯಾಲೆ ಬರ್ದಿದ್ದೆ. ದೇವರಾಜು ಸಾರು ಅದನ್ನ ಹೊಡ್ದಾಕಿ ಅವರದ್ದನ್ನ ಹತ್ತು ಸಲ ಬರ್ಸುದ್ರು. ನಂದು ಮರ್ತೋಯ್ತು. ಅದ್ಕೆ ಇನ್ನೊಂದ್ ಸಲ ಬರೀತಾ ಇವ್ನಿ. ಊಟಕ್ಕೆ ಸಾಲಲ್ಲಿ ನಿಂತಾಗ ನಮ್ಮವ್ವ ಎಲ್ಲಾರ್ ಮಖ ನೋಡಿ ಬಡ್ಸೋಳು. ನನ್ ಮಖ ನೋಡ್ತಿರ್ಲಿಲ್ಲ. ಮಗ್ಳಿಗೆ ಜಾಸ್ತಿ ಹಾಕ್ತಾಳೆ ಅಂದ್ಬುಟ್ಟಾರು ಅಂತ ನಂಗೆ ಒಂದು ಸೌಟು ಕಮ್ಮಿ ಹಾಕೋಳು. ನಂಗೆ ಸಿಟ್ಟು ಬರೋದು. ಮನೇಗೆ ಹೋದ್ಮೇಲೆ ಏನೂ ಹೇಳ್ತಿರ್ಲಿಲ್ಲ. ಮುದ್ದೆ ಮಾತ್ರ ನಂದು ದೊಡ್ಡದಾಗಿ ಕಟ್ಟೋಳು. ಮೊನ್ನೆ ಭಾನುವಾರ ಸಾರು ಬಸ್ಸತ್ಕಂಡು ಬಂದು ನೀನು ಏನ್ ಬರ್ದಿದ್ದೆ ಅಂತ ಕೇಳುದ್ರು. ಅಲ್ಲಿಗಂಟ ಯಾರೂ ಕೇಳಿರ್ಲಿಲ್ಲ. ಇಂತಿ ಮಮತಾ.’

‘ಹೊಡ್ದಾಕಿ’ ಎನ್ನುವ ಮಾತು ಬಂತು. ಬಿಟ್ಟು ಮುಂದಕ್ಕೆ ಹೋಗಬಹುದಾಗಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಡಲಿಲ್ಲ. ಹಿಂದಿನ ಸಾಲಿನ ಮಕ್ಕಳು ಒಂದಿಬ್ಬರು ನಕ್ಕರು. ಹೆಡ್‌ಮಾಸ್ಟರು ನನ್ನತ್ತ ನೋಡಿದರು. ನನ್ನ ಹೆಸರು ಆ ಹಾಳೆಯಲ್ಲಿ ಒಮ್ಮೆ ಬಂದಿದೆ, ಸಾರು ಎಂದು ಇನ್ನೊಮ್ಮೆ. ಎರಡು ಕಡೆಯೂ ಇರುವುದು ನಾನೇ. ಓದಿ ಮುಗಿಸಿದಾಗ ಚಪ್ಪಾಳೆ ಬೀಳಲಿಲ್ಲ. ಹೊಡೆಯಬೇಕೋ ಬೇಡವೋ ಎಂದು ಯಾರಿಗೂ ಗೊತ್ತಾಗಲಿಲ್ಲ ಅಂತ ಕಾಣುತ್ತದೆ.

ದೊಡ್ಡಲಕ್ಷ್ಮಮ್ಮ ನನ್ನತ್ತ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಮಗಳನ್ನು ನೋಡುತ್ತಿದ್ದರು. ಮೈಕು ಬೇಕಾಗಲಿಲ್ಲ, ದಿನಾ ಹುಡುಗರನ್ನು ಬೈಯುವ ದನಿಯಲ್ಲೇ ಕೇಳಿದರು.

“ಒಂದ್ ಸೌಟು ಎಲ್ಲಿ ಕಮ್ಮಿ ಹಾಕ್ತಿದ್ದೆನೇ? ಅರ್ಧ ಸೌಟು ಕಣೇ ಕಮ್ಮಿ ಹಾಕ್ತಿದ್ದುದ್ದು.”

ಕಣ್ಣಲ್ಲಿ ನೀರು ಬಂದಿತ್ತು, ಆದರೂ ಜಗಳ ಬಿಡಲಿಲ್ಲ. ನನ್ನ ಕಡೆ ತಿರುಗಿ, ಅರ್ಧ ಅಂತ ಒಸಿ ತಿದ್ದಿ ಸಾ ಅಂದರು.

ಪೆನ್ನು ಜೇಬಿನಲ್ಲೇ ಇತ್ತು. ಅದು ಅವಳು ಬರೆದಿದ್ದು ಕಣಮ್ಮ, ನಾನು ಮುಟ್ಟುವುದಿಲ್ಲ ಎಂದು ಹೇಳಿ ಹಾಳೆಯನ್ನು ಅವರ ಕೈಗೆ ಕೊಟ್ಟೆ.